ಡ್ರಮ್ಮಿನ ಗೆರೆ ಉಜ್ಜದೆ ಸೊಳ್ಳೆ ಬತ್ತಿ ಹಚ್ಚಿದರೆ ಏನು ಬಂತು?

ಮೊನ್ನೆ ಸೊಸೆಯ ತಂಗಿ ಮನೆಗೆ ಹೋಗಿದ್ದೆ. ದೊಡ್ಡವನಿಗೆ ಕೆಮ್ಮು ನೆಗಡಿ, ಚಿಕ್ಕವಳಿಗೆ ಮೈಕೈ ನೋವು, ಕೆಂಡದಂಥ ಜ್ವರ. ಆ ತಾಯಿ ಸೊಳ್ಳೆ ಬರುತ್ತವೆ ಅಂತ ಕಿಟಕಿ ಬಾಗಿಲೆಲ್ಲ ಜಡಿದು, ಇಬ್ಬರನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸಿ, ತಲೆದೆಸೆಗೆ ಸೊಳ್ಳೆ ಬತ್ತಿ ಹಚ್ಚಿಟ್ಟಿದ್ದಾಳೆ. ಕೆಮ್ಮೋ ಮಗುವಿಗೆ ಹೊಗೆ! ನನಗೆ ಪಿತ್ತ ನೆತ್ತಿಗೇರಿತು.

ಶೀತಜ್ವರ (ಫ್ಲೂ) ಹರಡೋದಕ್ಕೆ ಮುಚ್ಚಿದ ಕೋಣೆಗಿಂತ ಒಳ್ಳೆ ಜಾಗವಿಲ್ಲ. ಕಿಟಕಿಗೆ ಜಾಲರಿ ಹೊಡೆಸಿ, ತೆರೆದಿಡಿ. ಜ್ವರದವರಿಗೆ ಹಗಲೂ ಪರದೆ ಕಟ್ಟಿ. ಡೆಂಗ್ಯೂ ಸೊಳ್ಳೆ ಕಚ್ಚೋದೇ ಹಗಲಲ್ಲಿ. ಕೆಮ್ಮುವವರು ಬೇರೆ ಮಲಗಲಿ, ಮಾಸ್ಕ್ ಹಾಕಲಿ. ಕೊರೊನಾದಲ್ಲಿ ಕಲಿತದ್ದು ಇಷ್ಟು ಬೇಗ ಮರೆತಿರಾ? ಅವರ ಕರ್ಚೀಫು ಬಿಸಿನೀರಲ್ಲಿ ಬೇರೆ ಒಗೆಯಿರಿ.

ಯಾವ ಜ್ವರ ಅಂತ ಮನೆಯಲ್ಲೇ ಕೂತು ತೀರ್ಪು ಕೊಡಬೇಡಿ, ಶೀತಜ್ವರ, ಡೆಂಗ್ಯೂ ಎರಡೂ ಒಟ್ಟಿಗೆ ಬಂದಿರಬಹುದು. ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಪ್ಯಾರಸಿಟಮಾಲ್ ಒಂದೇ. ಅಂಗಡಿಯವ ಕೊಟ್ಟ ನೋವಿನ ಮಾತ್ರೆ ನುಂಗಿಸಿದರೆ ಡೆಂಗ್ಯೂವಿನಲ್ಲಿ ರಕ್ತಸ್ರಾವವಾದೀತು. ಜ್ವರ ಇಳಿಯಿತು ಅಂತ ಹಿಗ್ಗುವ ಹೊತ್ತಲ್ಲೇ ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಪಪ್ಪಾಯಿ ಎಲೆ ಹಿಂಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಇನ್ನು ಡ್ರಮ್ಮು. 2006ರಲ್ಲಿ ಇದೇ ಡೆಂಗ್ಯೂ ಸೊಳ್ಳೆಯಿಂದ ಚಿಕನ್‌ಗುನ್ಯಾ ಬಂದಾಗ ನಮ್ಮ ಬೀದಿಯಲ್ಲಿ ರೊಟ್ಟಿ ತಟ್ಟೋ ಸದ್ದೇ ನಿಂತಿತ್ತು. ಯಾರಿಗೂ ಬೆರಳು ಮಡಚೋಕೆ ಬರ್ತಿರಲಿಲ್ಲ. ನಮ್ಮತ್ತೆ ಗೋಡೆ ಹಿಡಿದು ಬಚ್ಚಲಿಗೆ ಹೋಗೋರು. ಡ್ರಮ್ಮಿನೊಳಗೆ ನೀರು ನಿಂತ ಗೆರೆ ಉಜ್ಜೋದು ಆಗ ಕಲಿತದ್ದು. 2024ರಲ್ಲಿ ಸರ್ಕಾರ ಡೆಂಗ್ಯೂ ಸಾಂಕ್ರಾಮಿಕ ಅಂತ ಸಾರಿ, ನೀರು ನಿಲ್ಲೋಕೆ ಬಿಟ್ಟರೆ ದಂಡ ಅಂದಾಗ ಎಲ್ಲರೂ ನೀರು ಚೆಲ್ಲಿದರು, ಗೆರೆ ಯಾರೂ ಉಜ್ಜಲಿಲ್ಲ. ಈ ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿನ ಮೇಲೆ, ಡ್ರಮ್ಮಿನ ಗೋಡೆಗೆ. ಮಸಿಚುಕ್ಕಿಯಂತೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಸಾಯೋದಿಲ್ಲ. ಮತ್ತೆ ನೀರು ತುಂಬಿದಿರೋ, ಹುಳ ಹೊರಟಿತು. ಹತ್ತು ದಿನದೊಳಗೆ ಸೊಳ್ಳೆ. ಅದಕ್ಕೇ ವಾರಕ್ಕೊಮ್ಮೆ ತಪ್ಪಬಾರದು.

ನಲ್ಲಿ ನೀರು ಬರೋ ಹಿಂದಿನ ದಿನ ಡ್ರಮ್ ಬರಿದಾಗಿರುತ್ತದಲ್ಲ, ಆಗಲೇ ಓರೆ ಮಾಡಿ. ಸ್ಕ್ರಬ್ಬರ್ ಬೇಡ, ಒರಟಾದ ತೆಂಗಿನ ನಾರು ಬೇಕು, ಮುಷ್ಟಿ ತುಂಬ. ಸೋಪಿನ ಪುಡಿ ಚಿಟಿಕೆ. ನೀರು ನಿಂತ ಗೆರೆಯಿಂದ ಮೇಲಕ್ಕೆ ಒಂದು ಗೇಣು, ಸುತ್ತು ಸುತ್ತು ಉಜ್ಜಿ. ಕೈಗೆ ಲೋಳೆ ಹೋಗಿ ಕಿರ್ ಅನ್ನಬೇಕು. ಕಂಠದ ಮಡಿಕೆಯೊಳಗೆ ಹಳೇ ಹಲ್ಲುಜ್ಜೋ ಬ್ರಷ್ ಆಡಿಸಿ, ನಾನು ಎರಡು ಸಲ ಆಡಿಸುತ್ತೇನೆ. ತೊಳೆದ ನೀರನ್ನು ಕಾದ ಮಣ್ಣಿಗೆ ಚೆಲ್ಲಿ, ಮೋರಿಗಲ್ಲ. ಮಧ್ಯಾಹ್ನದವರೆಗೆ ಬಿಸಿಲಿಗೆ ಬೋರಲು ಹಾಕಿ. ತುಂಬಿದ ಮೇಲೆ ಹಳೇ ಪಂಚೆ ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಿರಿ. ಜೋತು ಬಿದ್ದು ನೀರು ತಾಗಿತೋ, ಆ ಒದ್ದೆ ಬಟ್ಟೆಯ ಮೇಲೇ ಮೊಟ್ಟೆ ಇಟ್ಟಾವು. ಕಟ್ಟೋಕೆ ಸೈಕಲ್ ಟ್ಯೂಬ್ ಸಿಗದಿದ್ದರೆ ಹಳೇ ಲಂಗದ ಲಾಡಿಯೂ ಆದೀತು.