ಥೀಮ್ ಪಾರ್ಕಿನ ವಾರ್ಷಿಕ ಪಾಸ್: ನಾನು ಎರಡು ಸಲ ಹಾಕಿದ ಲೆಕ್ಕ

ಮೊದಲ ಪಾಸನ್ನು ನಾವು ಕೊಂಡದ್ದು ಸಂಜೆ ಆರೂವರೆಗೆ, ಹೊರಬಾಗಿಲ ಹತ್ತಿರ, ಮಗ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಾಗ. ವ್ಯವಹಾರ ಮಾಡಲು ಅದಕ್ಕಿಂತ ಕೆಟ್ಟ ಗಳಿಗೆ ಇರಲಾರದು. ಮಗಳು ಇನ್ನೂ ನೀರಿನ ರೈಡಿನ ಗುಂಗಿನಲ್ಲಿದ್ದಳು. ನನ್ನ ಗಂಡ ಅರ್ಧ ಒದ್ದೆಯಾದ ನಾಲ್ಕು ಜೊತೆ ಬಟ್ಟೆಯ ಚೀಲ ಹಿಡಿದು, ಯಾವುದಕ್ಕಾದರೂ ಹೂಂ ಎನ್ನುವ ಸ್ಥಿತಿಯಲ್ಲಿ ನಿಂತಿದ್ದರು. ಕೌಂಟರಿನ ಹುಡುಗಿ ಹೇಳಿದ್ದು ಇಷ್ಟು: "ಇವತ್ತಿನ ಟಿಕೆಟಿನ ಹಣವನ್ನು ಪಾಸಿನ ಬೆಲೆಯಲ್ಲಿ ಕಳೆಯುತ್ತೇವೆ ಮೇಡಂ. ಇನ್ನು ಎರಡು ಸಲ ಬಂದರೆ ಸಾಕು, ಹಾಕಿದ ಹಣ ಹುಟ್ಟಿಬಿಡುತ್ತದೆ." ನಾಲ್ಕು ಪಾಸ್ ಕೊಂಡೆವು.

ಆಕೆ ಸುಳ್ಳು ಹೇಳಿರಲಿಲ್ಲ. ಆ ವರ್ಷ ನಾವು ಒಟ್ಟು ನಾಲ್ಕು ಸಲ ಹೋದೆವು. ಹಾಗಿದ್ದೂ ವರ್ಷದ ಕೊನೆಗೆ ಕುಳಿತು ಕೂಡಿ ಕಳೆದಾಗ ನಷ್ಟವೇ ಆಗಿತ್ತು. ಅದು ಹೇಗೆ ಎಂದು ಅರ್ಥವಾಗಲು ನನಗೆ ಕೆಲವು ದಿನ ಬೇಕಾಯಿತು.

ಲೆಕ್ಕವನ್ನು ಹಣದಲ್ಲಿ ಹೇಳುವುದಿಲ್ಲ, ಟಿಕೆಟಿನಲ್ಲಿ ಹೇಳುತ್ತೇನೆ. ಪಾರ್ಕಿನಿಂದ ಪಾರ್ಕಿಗೆ ಬೆಲೆ ಬೇರೆ. ನಿಮ್ಮ ಪಾಸಿನ ಬೆಲೆಯನ್ನು ನೀವು ನಿಜವಾಗಿ ಕೊಡುವ ಒಂದು ದಿನದ ಟಿಕೆಟಿನ ಬೆಲೆಯಿಂದ ಭಾಗಿಸಿದರೆ ನಿಮ್ಮ ಅಂಕಿ ಸಿಗುತ್ತದೆ. 'ನಿಜವಾಗಿ ಕೊಡುವ' ಎಂಬುದನ್ನು ಒತ್ತಿ ಹೇಳಬೇಕು. ಗೇಟಿನಲ್ಲಿ ಬರೆದಿರುವ ಬೆಲೆಗಿಂತ ಮುಂಗಡವಾಗಿ ಕೊಂಡ ಟಿಕೆಟ್ ಹಲವು ಕಡೆ ಅಗ್ಗ, ವಾರದ ನಡುವಿನ ದಿನದ ಟಿಕೆಟ್ ಇನ್ನೂ ಅಗ್ಗ. ಪಾಸ್ ಮಾರುವವರು ಹೋಲಿಸಿ ತೋರಿಸುವುದು ಅತಿ ದುಬಾರಿ ದಿನದ ಬೆಲೆಗೆ. ನಮ್ಮ ಪಾಸಿನ ಬೆಲೆ ತಲೆಗೆ ಎರಡೂವರೆ ಟಿಕೆಟ್.

ನಾಲ್ಕು ಭೇಟಿಗೆ ಎರಡೂವರೆ ಟಿಕೆಟ್ ಕೊಟ್ಟೆವು, ಒಂದೂವರೆ ಉಳಿಯಿತು ಎಂದು ನನ್ನ ಗಂಡ ಖುಷಿಪಟ್ಟರು. ಪಾಸ್ ಇಲ್ಲದಿದ್ದರೆ ಎಷ್ಟು ಸಲ ಹೋಗುತ್ತಿದ್ದೆವು ಎಂದು ನಾನು ಕೇಳಿದೆ. ಇಬ್ಬರೂ ಪ್ರಾಮಾಣಿಕವಾಗಿ ಯೋಚಿಸಿದರೆ ಎರಡು ಸಲ: ಆ ಮೊದಲ ದಿನ, ಆಮೇಲೆ ಮಗಳ ಹುಟ್ಟುಹಬ್ಬ. ಉಳಿದೆರಡು ಭೇಟಿ ಪಾಸ್ ಇದೆಯಲ್ಲ ಎಂಬ ಕಾರಣಕ್ಕೆ ಹುಟ್ಟಿಕೊಂಡವು. ಒಂದು ದಿನ ಮಧ್ಯಾಹ್ನಕ್ಕೇ ಮಳೆ ಹಿಡಿದು, ದೊಡ್ಡ ರೈಡುಗಳನ್ನೆಲ್ಲ ನಿಲ್ಲಿಸಿದರು. ಇನ್ನೊಂದು, ಪಾಸ್ ಮುಗಿಯಲು ನಾಲ್ಕು ದಿನ ಇದ್ದಾಗ, ನೆಗಡಿ ಹಿಡಿದ ಮಗನನ್ನೂ ಎಳೆದುಕೊಂಡು ಹೋದ ದಿನ. ಹಾಗೆ ಹೋದದ್ದರಲ್ಲಿ ಆಸೆಗಿಂತ ಹಟವೇ ಹೆಚ್ಚಾಗಿತ್ತು. ಆ ಎರಡು ದಿನಕ್ಕೆ ಪೂರ್ತಿ ಟಿಕೆಟಿನ ಬೆಲೆ ಕಟ್ಟಲು ನನ್ನ ಮನಸ್ಸು ಒಪ್ಪಲಿಲ್ಲ. ತಲಾ ಅರ್ಧ ಟಿಕೆಟ್ ಎಂದು ಹಿಡಿದೆ, ಅದೂ ಉದಾರವಾಗಿ.

ಇನ್ನು ಪ್ರವೇಶದ ಹೊರಗಿನ ಖರ್ಚು. ಓಡಾಟ, ಪಾರ್ಕಿಂಗ್, ಲಾಕರ್, ಒಳಗಿನ ಊಟ, ಮನೆಗೆ ಬರುವ ಹೊತ್ತಿಗೆ ಕೈಗೆ ಅಂಟಿಕೊಂಡಿರುವ ಆಟಿಕೆ. ನಾಲ್ವರಿಗೆ ಸೇರಿ ಒಂದು ಭೇಟಿಗೆ ಎರಡು ಟಿಕೆಟಿನಷ್ಟು, ಅಂದರೆ ತಲೆಗೆ ಅರ್ಧ. ಪಾಸ್ ಇರುವಾಗ ಇದು ಕಣ್ಣಿಗೆ ಬೀಳುವುದಿಲ್ಲ. ಒಳಗೆ ಬಿಟ್ಟಿಯಾಗಿ ಬಂದಿದ್ದೇವೆ ಎಂಬ ಧೈರ್ಯದಲ್ಲಿ ಕೈ ಇನ್ನಷ್ಟು ಸಡಿಲವಾಗುತ್ತದೆ. ಮೂಗಿಗಿಂತ ಮೂಗುತಿ ಭಾರ.

ಒಬ್ಬರ ಲೆಕ್ಕ ಹೀಗಾಯಿತು. ಹೇಗಿದ್ದರೂ ಹೋಗುತ್ತಿದ್ದ ಎರಡು ಭೇಟಿಗೆ ಎರಡು ಟಿಕೆಟ್. ಹೆಚ್ಚುವರಿ ಎರಡಕ್ಕೆ ಅರ್ಧರ್ಧ, ಒಟ್ಟು ಒಂದು. ಆ ಹೆಚ್ಚುವರಿ ಭೇಟಿಗಳಿಗೆ ಹೊರಗಿನ ಖರ್ಚು ಅರ್ಧರ್ಧ, ಒಟ್ಟು ಒಂದು, ಅದನ್ನು ಕಳೆಯಬೇಕು. ಕೂಡಿ ಕಳೆದರೆ ನಮಗೆ ದಕ್ಕಿದ್ದು ಎರಡು, ಕೊಟ್ಟದ್ದು ಎರಡೂವರೆ. ನಾಲ್ವರಿಗೆ ಎರಡು ಟಿಕೆಟ್ ನಷ್ಟ. ನನ್ನ ಗಂಡ ಕಾಗದವನ್ನು ತಿರುಗಿಸಿ ನೋಡಿ, "ಮಳೆಯ ದಿನಕ್ಕೆ ಅರ್ಧ ಕೊಟ್ಟಿದ್ದು ಜಾಸ್ತಿಯಾಯಿತು" ಎಂದರು.

ನಷ್ಟಕ್ಕೆ ಇನ್ನೊಂದು ಕಾರಣ ಮಗನ ಎತ್ತರ. ಆಗ ಅವನು 110 ಸೆಂಟಿಮೀಟರ್ ಇದ್ದ. ದೊಡ್ಡ ರೈಡುಗಳ ಬಾಗಿಲಲ್ಲಿ ಅಳತೆಯ ಕೋಲು ನಿಂತಿರುತ್ತದೆ. ಅಲ್ಲಿ ಮುಖ್ಯವಾದವೆಲ್ಲ 120ರಿಂದ ಮೇಲೆ. ಅವನು ಹಿಮ್ಮಡಿ ಎತ್ತಿದ, ಕೂದಲು ಕೆದರಿಕೊಂಡ, ಅಳತೆ ನೋಡುವವರು ನಗುತ್ತಲೇ ಕೈ ಅಡ್ಡ ಹಿಡಿದರು. ಅವನು ಹೊರಗುಳಿದರೆ ನಮ್ಮಿಬ್ಬರಲ್ಲಿ ಒಬ್ಬರೂ ಹೊರಗೇ. ಅಂದರೆ ಒಂದು ಮಗುವಿನ ಹತ್ತು ಸೆಂಟಿಮೀಟರ್ ಕೊರತೆ ಎರಡು ಪಾಸುಗಳ ಸತ್ವ ಹೀರುತ್ತಿತ್ತು. ಒಬ್ಬರು ರೈಡಿಗೆ ಹೋಗಿ ಬಂದ ಮೇಲೆ ಇನ್ನೊಬ್ಬರನ್ನು ಮತ್ತೆ ಸರದಿಯಲ್ಲಿ ನಿಲ್ಲಿಸದೆ ಬಿಡುವ ವ್ಯವಸ್ಥೆ ಹಲವು ಪಾರ್ಕುಗಳಲ್ಲಿ ಇದೆ. ಅದನ್ನು ಕೇಳಬೇಕು ಎಂಬುದೇ ನಮಗೆ ಹೊಳೆದಿರಲಿಲ್ಲ. ಚಿಕ್ಕ ಮಕ್ಕಳಿರುವವರು ಪಾಸಿನ ಬೆಲೆ ನೋಡುವ ಮೊದಲು ಗೋಡೆಗೆ ಮಗುವನ್ನು ನಿಲ್ಲಿಸಿ ಗೆರೆ ಎಳೆಯಲಿ ಎನ್ನುತ್ತೇನೆ. ಗೆರೆ ಆರು ತಿಂಗಳಲ್ಲಿ ರೈಡಿನ ಅಳತೆ ಮುಟ್ಟುವಂತಿದ್ದರೆ ಪಾಸನ್ನು ಆರು ತಿಂಗಳ ಆಮೇಲೆ ಕೊಂಡರಾಯಿತು.

ಮರುವರ್ಷ ಪಾಸ್ ಕೊಳ್ಳಲಿಲ್ಲ. ಬದಲಿಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಚುಕ್ಕೆ ಇಡಲು ಶುರು ಮಾಡಿದೆ. ನಿಯಮ ಎರಡು. ಮನೆಯಲ್ಲಿ ಯಾರಿಗಾದರೂ ಆ ದಿನ ಹೋಗಬೇಕು ಅನ್ನಿಸಿರಬೇಕು. ಜೊತೆಗೆ ಆ ದಿನ ನಿಜಕ್ಕೂ ಹೋಗಲು ಸಾಧ್ಯವಿರಬೇಕು. ಆಸೆಯಿದ್ದು ಬಿಡುವಿಲ್ಲದಿದ್ದರೆ ಚುಕ್ಕೆ ಇಲ್ಲ, ಬಿಡುವಿದ್ದು ಸೋಫಾ ಬಿಡಲು ಮನಸ್ಸಿಲ್ಲದಿದ್ದರೂ ಇಲ್ಲ. ಪಾಸ್ ಕೊಳ್ಳುವ ದಿನ ನಾವು ಊಹಿಸಿಕೊಳ್ಳುವ 'ನಾವು' ಬಹಳ ಚುರುಕಾದ ಜನ, ಭಾನುವಾರ ಬೆಳಗ್ಗೆ ಏಳಕ್ಕೇ ಎದ್ದು ಹೊರಡುವವರು. ಚುಕ್ಕೆ ಇಡುವುದು ನಿಜವಾದ ನಮ್ಮನ್ನು ಎಣಿಸಲು.

ಈ ಊಹೆಯ ದೋಷ ನಮ್ಮೊಬ್ಬರದಲ್ಲ. ಅಮೆರಿಕದ ಮೂರು ವ್ಯಾಯಾಮಶಾಲೆಗಳ ದಾಖಲೆ ನೋಡಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ಭೇಟಿಯ ಚೀಟಿ ಕೊಂಡಿದ್ದರೆ ಒಂದು ಭೇಟಿಗೆ 10 ಡಾಲರ್ ಬೀಳುತ್ತಿತ್ತು. ತಿಂಗಳ ಸದಸ್ಯತ್ವ ಪಡೆದವರು ಕೊಟ್ಟದ್ದು ಭೇಟಿಗೆ ಸರಾಸರಿ 17 ಡಾಲರಿಗೂ ಹೆಚ್ಚು. ಅವರೂ ನಮ್ಮ ಹಾಗೆ ಸಂಜೆ ಆರೂವರೆಗೆ ಸಹಿ ಹಾಕಿರಬೇಕು.

ಚುಕ್ಕೆಗಳಿಗೆ ಬರುತ್ತೇನೆ. ಮೊದಲ ನಾಲ್ಕು ತಿಂಗಳಲ್ಲಿ ಮೂರೇ ಚುಕ್ಕೆ ಇದ್ದವು. ಅಷ್ಟರಲ್ಲಿ ನನ್ನ ಕೆಲಸದ ವೇಳೆ ಬದಲಾಗಿ ಬುಧವಾರ ಮಧ್ಯಾಹ್ನದ ನಂತರ ಬಿಡುವು ಸಿಕ್ಕಿತು. ಮಕ್ಕಳ ಶಾಲೆಯಿಂದ ಪಾರ್ಕಿಗೆ ಅರ್ಧ ಗಂಟೆಯ ದಾರಿ. ಮುಂದಿನ ಎರಡು ತಿಂಗಳಲ್ಲಿ ಆರು ಚುಕ್ಕೆ ಬಿದ್ದವು, ಐದು ಬುಧವಾರಗಳಲ್ಲೇ. ಆದರೆ ಅವು ಇಡೀ ದಿನದ ಚುಕ್ಕೆಗಳಲ್ಲ. ಎರಡು ಗಂಟೆ ಇದ್ದು ಬರಬಹುದಾದ ಸಂಜೆಗಳು. ಎರಡು ಗಂಟೆಗೆಂದು ಯಾರೂ ಪೂರ್ತಿ ಟಿಕೆಟ್ ಕೊಳ್ಳುವುದಿಲ್ಲ.

ಅಲ್ಲಿಂದ ನನ್ನ ಲೆಕ್ಕ ಬೇರೆ ದಿಕ್ಕಿಗೆ ತಿರುಗಿತು. ಟಿಕೆಟ್ ಕೊಂಡ ದಿನ ನಾವು ಹೇಗಿರುತ್ತೇವೆ ಎಂದು ನೆನಪಿಸಿಕೊಳ್ಳಿ: ಬಾಗಿಲು ತೆರೆಯುವ ಮೊದಲೇ ಹಾಜರು, ನಕ್ಷೆ ಹಿಡಿದು ಓಟ, ಒಂದು ರೈಡ್ ತಪ್ಪಿದರೂ ಹಣ ಹೋಯಿತೆಂಬ ಸಂಕಟ. ಇದು ಟಿಕೆಟಿನ ಸ್ವರೂಪದಿಂದಲೇ ಬಂದ ಸ್ವಭಾವ ಎಂದು ನನಗೆ ಅನ್ನಿಸುತ್ತದೆ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಪ್ರವೇಶಕ್ಕೊಂದು ಬೆಲೆ, ಒಳಗಿನ ಒಂದೊಂದು ರೈಡಿಗೂ ಬೇರೆ ಚೀಟಿ. ಮುಂದೆ ಎ ಇಂದ ಇ ವರೆಗೆ ದರ್ಜೆಯ ಚೀಟಿಗಳ ಪುಸ್ತಕ ಬಂತು. ಅತ್ಯುತ್ತಮ ರೈಡುಗಳಿಗೆ ಇ ಚೀಟಿ. ಎಲ್ಲ ರೈಡಿಗೂ ಒಂದೇ ಟಿಕೆಟ್ ಎಂಬ ಪದ್ಧತಿ ಅಲ್ಲಿ ಗಟ್ಟಿಯಾದದ್ದು 1982ರಲ್ಲಿ. ಚೀಟಿಯ ಕಾಲದಲ್ಲಿ 'ಇದೊಂದು ರೈಡ್ ಬೇಕೇ' ಎಂದು ಯೋಚಿಸುತ್ತಿದ್ದವರು, ಒಂದೇ ಟಿಕೆಟ್ ಬಂದ ಮೇಲೆ 'ಇನ್ನೆಷ್ಟು ಹೊಡೆಯಬಹುದು' ಎಂದು ಯೋಚಿಸುವವರಾದರು. ಪಾಸ್ ಈ ಎರಡೂ ಯೋಚನೆಗಳಿಂದ ಬಿಡಿಸುತ್ತದೆ, ಪಾರ್ಕ್ ಹತ್ತಿರ ಇದ್ದರೆ ಮಾತ್ರ. ಎರಡು ಗಂಟೆ ಪ್ರಯಾಣ ಮಾಡಿ ಹೋದವರು ಪಾಸ್ ಇದ್ದರೂ ಓಡಲೇಬೇಕು, ಯಾಕೆಂದರೆ ಅವರು ಬೆಲೆ ಕೊಟ್ಟದ್ದು ದಾರಿಯಲ್ಲಿ.

ಹಾಗಾಗಿ ಯಾರಾದರೂ ಕೇಳಿದರೆ ಪಾಸಿನ ಬೆಲೆಗಿಂತ ಮೊದಲು ದೂರ ಕೇಳುತ್ತೇನೆ. ಅರ್ಧ, ಮುಕ್ಕಾಲು ಗಂಟೆಯೊಳಗಿದ್ದರೆ ಮಾತು ಮುಂದುವರಿಸಬಹುದು. ಅದಕ್ಕಿಂತ ದೂರದವರಿಗೆ, ವರ್ಷಕ್ಕೊಮ್ಮೆ ಎರಡು ಮೂರು ದಿನ ಅಲ್ಲೇ ಉಳಿದು ನೋಡುವವರಾದರೆ, ಹಲವು ದಿನದ ಟಿಕೆಟನ್ನೂ ಪಕ್ಕದಲ್ಲಿಟ್ಟು ನೋಡಿ ಎನ್ನುತ್ತೇನೆ.

ಎರಡನೆಯ ಸಲ ಕೊಳ್ಳುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬರೆದುಕೊಂಡೆ: ಬುಧವಾರ ಸಂಜೆ ಎರಡು ಗಂಟೆಗೆ ಮಾತ್ರ ಎಂದು ಗೇಟಿನಲ್ಲಿ ಟಿಕೆಟ್ ಮಾರಿದರೆ ಎಷ್ಟು ಕೊಡಲು ಸಿದ್ಧ? ಕಾಲು ಟಿಕೆಟ್. ವರ್ಷಕ್ಕೆ ಅಂಥ ಹತ್ತು ಸಂಜೆ ಎಂದು ಹಿಡಿದೆ. ಚುಕ್ಕೆಗಳು ಹೆಚ್ಚು ಹೇಳುತ್ತಿದ್ದರೂ ಬೇಕೆಂದೇ ತಗ್ಗಿಸಿದೆ. ಅದು ಎರಡೂವರೆ. ಹೇಗಿದ್ದರೂ ಹೋಗುವ ಎರಡು ಪೂರ್ತಿ ದಿನಕ್ಕೆ ಎರಡು. ಹತ್ತು ಸಂಜೆಯ ಓಡಾಟಕ್ಕೆ ಒಂದು ಕಳೆದೆ. ಊಟವಿಲ್ಲ, ಲಾಕರ್ ಇಲ್ಲ, ಪಾರ್ಕಿಂಗ್ ಪಾಸಿನಲ್ಲೇ ಸೇರಿತ್ತು. ಉಳಿದದ್ದು ಮೂರೂವರೆ, ಬೆಲೆ ಹಿಂದಿನ ಹಾಗೆಯೇ ಎರಡೂವರೆ. ಮಗ 121 ಸೆಂಟಿಮೀಟರ್ ಮುಟ್ಟಿದ್ದ. ಕೊಂಡೆವು.

ನಾಲ್ಕಲ್ಲ, ಮೂರು. ಮನೆಮಂದಿಗೆಲ್ಲ ಒಂದೇ ಸಲ ಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ ಎಂದು ಹೊಳೆಯಲು ನನಗೆ ಎರಡು ವರ್ಷ ಹಿಡಿಯಿತು. ನನ್ನ ಗಂಡನಿಗೆ ತಿರುಗುವ ಯಾವುದೂ ಆಗದು. ಬುಧವಾರ ಅವರಿಗೆ ಬಿಡುವೂ ಇಲ್ಲ. ವರ್ಷಕ್ಕೆರಡು ಸಲ ಟಿಕೆಟ್ ಕೊಂಡು ಬಂದು, ನೆರಳಲ್ಲಿ ಚೀಲಗಳ ಕಾವಲು ಕೂರುವುದೇ ಅವರಿಗೆ ಪರಮಸುಖ. ಪಾಸ್ ಇರುವವರ ಜೊತೆ ಬಂದವರಿಗೆ ಟಿಕೆಟಿನಲ್ಲಿ ರಿಯಾಯಿತಿಯೂ ಸಿಕ್ಕಿತು.

ಅಗ್ಗದ ದರ್ಜೆಯ ಪಾಸಿನ ವಿಷಯದಲ್ಲಿ ಮೊದಲ ವರ್ಷ ನಾವು ಎಡವಿದ್ದು ದಿನಗಳಲ್ಲಿ. ಶಾಲೆಯ ರಜೆ, ಹಬ್ಬ, ಉದ್ದದ ವಾರಾಂತ್ಯ, ಅಷ್ಟೂ ದಿನ ಆ ಪಾಸ್ ನಡೆಯುವುದಿಲ್ಲ ಎಂದು ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿತ್ತು. ಮಕ್ಕಳಿರುವ ಮನೆಗೆ ಬಿಡುವಿರುವುದೇ ಆ ದಿನಗಳಲ್ಲಿ. ವರ್ಷಕ್ಕೆ 104 ಶನಿವಾರ ಭಾನುವಾರಗಳು ಎಂದು ಕೇಳಲು ಧಾರಾಳವಾಗಿದೆ. ಪಾಸ್ ನಡೆಯದ ದಿನ, ಪರೀಕ್ಷೆ, ಮದುವೆ ಮುಂಜಿ, ಜ್ವರ ನೆಗಡಿ ಎಲ್ಲವನ್ನೂ ಹೊಡೆದು ಹಾಕಿದರೆ ನಮಗೆ ಉಳಿದದ್ದು 19. ಈ ಸಲ ಅದೇ ಅಗ್ಗದ ದರ್ಜೆ ನಮಗೆ ಸರಿಹೋಯಿತು, ಯಾಕೆಂದರೆ ಬುಧವಾರವನ್ನು ಯಾರೂ ನಿಷೇಧಿಸುವುದಿಲ್ಲ. ಪಾಸ್ ಇದ್ದರೂ ದಿನವನ್ನು ಮೊದಲೇ ಕಾಯ್ದಿರಿಸಬೇಕೆಂಬ ನಿಯಮ ಇರುವ ಕಡೆ ಈ ಸಂಜೆಯ ಹಾರಾಟಕ್ಕೆ ತೊಡಕು. ಡಿಸ್ನಿಲ್ಯಾಂಡ್ 2021ರ ಜನವರಿಯಲ್ಲಿ ತನ್ನ ಹಳೆಯ ವಾರ್ಷಿಕ ಪಾಸನ್ನು ನಿಲ್ಲಿಸಿ, ಆಗಸ್ಟಿನಲ್ಲಿ ತಂದ ಹೊಸ ಪಾಸಿಗೆ ಕಾಯ್ದಿರಿಸುವ ನಿಯಮ ಜೋಡಿಸಿತು. ಸರದಿ ತಪ್ಪಿಸುವ ವೇಗದ ಸಾಲಿಗೆ ಬಹುತೇಕ ಕಡೆ ಬೇರೆ ಹಣ ಕೊಡಬೇಕು. ಪಾಸಿನಲ್ಲಿ ಅದೂ ಸೇರಿದೆ ಎಂದು ತಿಳಿದು ಕೊಳ್ಳುವವರನ್ನು ಕಂಡಿದ್ದೇನೆ. ಊಟದ ಮೇಲಿನ ರಿಯಾಯಿತಿಯನ್ನು ಲೆಕ್ಕಕ್ಕೇ ಸೇರಿಸಬೇಡಿ. ಪಾಸಿನ ಅವಧಿ ಕೊಂಡ ದಿನದಿಂದ ಶುರುವೋ ಮೊದಲು ಬಳಸಿದ ದಿನದಿಂದಲೋ ಎಂದು ಕೇಳಿ ತಿಳಿಯಿರಿ.

ಹತ್ತೂವರೆ ತಿಂಗಳಾಗಿದೆ. ಹದಿನೇಳು ಸಲ ಹೋಗಿದ್ದೇವೆ, ಹದಿನಾಲ್ಕು ಸಲ ಹೊರಟ ಮೂರು ಗಂಟೆಯೊಳಗೆ ವಾಪಸ್ ಮನೆ ಸೇರಿದ್ದೇವೆ. ಒಂದು ಬುಧವಾರ ಮಕ್ಕಳಿಬ್ಬರೂ ಒಂದೂ ರೈಡ್ ಹತ್ತದೆ ಬಾತುಕೋಳಿಗಳ ಕೊಳದ ಹತ್ತಿರ ಕುಳಿತೇ ಕಳೆದರು. ಟಿಕೆಟಿನ ದಿನವಾಗಿದ್ದರೆ ನಾನು ರೇಗಿಬಿಡುತ್ತಿದ್ದೆ.

ಆದರೂ ಇತ್ತೀಚೆಗೆ ಭೇಟಿಗಳು ತೆಳುವಾಗಿವೆ. ಕಳೆದ ಎರಡು ತಿಂಗಳಲ್ಲಿ ಹೋದದ್ದು ಎರಡೇ ಸಲ. ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದಲ್ಲಿ ಋತು ಟಿಕೆಟ್, ಅಂದರೆ ಒಂದು ಋತುವಿನ ನಾಟಕಗಳಿಗೆಲ್ಲ ಒಂದೇ ಟಿಕೆಟ್, ಕೊಂಡವರ ಮೇಲೆ ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಸಂಶೋಧಕರು ನಡೆಸಿದ ಪ್ರಯೋಗವೊಂದು 1985ರಲ್ಲಿ ಪ್ರಕಟವಾಯಿತು. ಪೂರ್ತಿ ಬೆಲೆ ಕೊಟ್ಟವರು ರಿಯಾಯಿತಿ ಪಡೆದವರಿಗಿಂತ ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕ ನೋಡಿದರು. ಎರಡನೆಯ ಅರ್ಧದಲ್ಲಿ ಆ ವ್ಯತ್ಯಾಸ ಮಾಸಿತ್ತು. ಕೊಟ್ಟ ಹಣದ ಚುರುಕು ಹೆಚ್ಚು ದಿನ ಉಳಿಯುವುದಿಲ್ಲ. ಈಗ ನಾವು ಹೋಗುತ್ತಿದ್ದರೆ ಅದು ನಿಜವಾದ ಆಸೆಯಿಂದ ಎಂದು ಕೊನೆಯ ತಿಂಗಳುಗಳ ಎಣಿಕೆಯನ್ನೇ ನಂಬುತ್ತೇನೆ, ಮೊದಲ ಉತ್ಸಾಹದ್ದನ್ನಲ್ಲ.

ನವೀಕರಿಸಿದರೆ ರಿಯಾಯಿತಿ ಎಂಬ ಸಂದೇಶ ಮೊಬೈಲಿಗೆ ಬಂದಾಗಿದೆ. ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಕೊಂಡ ದಿನವೇ ತೆಗೆದುಹಾಕಿದ್ದೆ. ಮಗಳಿಗೆ ಬುಧವಾರ ಈಜು ತರಗತಿ ಶುರುವಾಗಲಿದೆ. ಮಗ ಮಾತ್ರ 140ರ ಗೆರೆಯ ರೋಲರ್ ಕೋಸ್ಟರಿನ ಎದುರು ನಿಂತು, ಪ್ರತಿ ವರ್ಷ ಎಷ್ಟು ಬೆಳೆದರೆ ಯಾವಾಗ ಹತ್ತಬಹುದು ಎಂದು ಬೆರಳು ಮಡಿಚಿ ಎಣಿಸುತ್ತಾನೆ. "ಇನ್ನು ಮೂರು ವರ್ಷ ಅಮ್ಮ, ಅಲ್ಲಿಯವರೆಗೆ ಪಾಸ್ ಇರಲಿ" ಎಂದ. ಕ್ಯಾಲೆಂಡರಿನಲ್ಲಿ ಈ ತಿಂಗಳು ಇಲ್ಲಿಯವರೆಗೆ ಒಂದು ಚುಕ್ಕೆ ಇದೆ.