ಹೊಸ ಸಂಸಾರದ ದುಡ್ಡಿನ ಲೆಕ್ಕ: ಇಬ್ಬರೂ ಕೂತು ಶುರು ಮಾಡುವುದು ಹೇಗೆ?

ಮದುವೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆಯವರು ಮುಯ್ಯಿ ಪುಸ್ತಕ ಬಿಚ್ಚುತ್ತಾರೆ. ಯಾರು 501 ಕೊಟ್ಟರು, ಯಾರು ಬೆಳ್ಳಿಯ ಕುಂಕುಮದ ಬಟ್ಟಲು ಕೊಟ್ಟರು, ಎಲ್ಲವೂ ಅದರಲ್ಲಿ ಇರುತ್ತದೆ. ನಾಳೆ ಅವರ ಮನೆಯಲ್ಲಿ ಮದುವೆಯಾದರೆ ತಿರುಗಿ ಮಾಡಬೇಕಲ್ಲ! ಆದರೆ ಗಂಡನ ಕ್ರೆಡಿಟ್ ಕಾರ್ಡಿನಲ್ಲಿ ಎಷ್ಟು ಬಾಕಿ ಇದೆ, ಹೆಂಡತಿ ತಿಂಗಳಿಗೆ ಎಷ್ಟು ಚೀಟಿ ಕಟ್ಟುತ್ತಾಳೆ ಅನ್ನುವುದು ವರ್ಷ ಕಳೆದರೂ ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಸಂಬಳ ಸಾಲದೆ ಆಗುವ ಜಗಳಕ್ಕಿಂತ, ಮುಚ್ಚಿಟ್ಟಿದ್ದು ಬಯಲಾದಾಗ ಆಗುವ ಜಗಳ ದೊಡ್ಡದು. ಉಳಿತಾಯ, ಹೂಡಿಕೆ ಎಲ್ಲ ಆಮೇಲೆ. ಮೊದಲು ಎಲ್ಲ ಲೆಕ್ಕ ಇಬ್ಬರ ಕಣ್ಣಿಗೂ ಬೀಳಬೇಕು.

ಮೊದಲು ಸಾಲ ಹೇಳಿಕೊಳ್ಳಿ

ಒಂದು ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಕೂತುಕೊಳ್ಳಿ. ಒಂದು ನೋಟ್ ಪುಸ್ತಕ ಸಾಕು. ಕೈಗೆ ಬರುವ ಸಂಬಳ ಬರೆಯಿರಿ. ಅದರ ಕೆಳಗೆ ಸಾಲ: ಬೈಕಿನ ಇಎಂಐ, ಓದಿನ ಸಾಲ, ಕಾರ್ಡಿನ ಬಾಕಿ, ಮದುವೆಗೆಂದು ಮಾಡಿದ ಸಾಲ, ಸ್ನೇಹಿತರಿಂದ ಪಡೆದ ಕೈಗಡ. ಅಪ್ಪ ಮಾಡಿದ ಸಾಲವನ್ನು ಮಗ ತೀರಿಸುತ್ತಿದ್ದರೆ ಅದನ್ನೂ ಬರೆಯಬೇಕು. ಈ ಹೊತ್ತಿನಲ್ಲಿ ಬೈಗುಳ ಬೇಡ. ಒಮ್ಮೆ ಬೈಸಿಕೊಂಡವರು ಮುಂದಿನ ಸಲ ಹೇಳುವುದೇ ಇಲ್ಲ.

ಯಾವುದನ್ನು ಮೊದಲು ತೀರಿಸಬೇಕು? ಬಡ್ಡಿ ಜಾಸ್ತಿ ಇರುವುದನ್ನು. 'ಮೂರು ರೂಪಾಯಿ ಬಡ್ಡಿ' ಅಂದರೆ ಕೇಳಲು ಸಣ್ಣದು. ಅದು ತಿಂಗಳಿಗೆ ನೂರಕ್ಕೆ ಮೂರು, ವರ್ಷಕ್ಕೆ 36. ಕಾರ್ಡಿನ ಬಿಲ್ಲಿನಲ್ಲಿ ಮಿನಿಮಮ್ ಡ್ಯೂ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟುತ್ತಾ ಹೋದರೂ ಹೆಚ್ಚುಕಮ್ಮಿ ಅಷ್ಟೇ ಬಡ್ಡಿ ಬೀಳುತ್ತದೆ. ಓದಿನ ಸಾಲ, ಬೈಕಿನ ಸಾಲ ಅವುಗಳ ಪಾಡಿಗೆ ನಡೆಯಲಿ.

ಇಲ್ಲಿ ಒಡವೆಯ ಮಾತು ಬಂದೇ ಬರುತ್ತದೆ. ಬ್ಯಾಂಕಿನಲ್ಲಿ ಚಿನ್ನ ಅಡ ಇಟ್ಟು, ಆ ದುಡ್ಡಿನಿಂದ ಹೆಚ್ಚು ಬಡ್ಡಿಯ ಸಾಲ ತೀರಿಸುವುದು ಲೆಕ್ಕದಲ್ಲಿ ಲಾಭವೇ. ಆದರೆ ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಒಡವೆ ಕಾನೂನಿನ ಪ್ರಕಾರ ಸ್ತ್ರೀಧನ, ಅದು ಅವಳೊಬ್ಬಳದೇ ಆಸ್ತಿ. ಅವಳಾಗಿ ಮನಸ್ಸು ಮಾಡಿದರೆ ಮಾತ್ರ ಇಡಬೇಕು. ಅತ್ತೆ-ಮಾವ ಹೇಳಿದರು, ಗಂಡ ಮುಖ ಸಪ್ಪೆ ಮಾಡಿಕೊಂಡ ಅಂತ ಕೊಡುವುದು ಒಪ್ಪಿಗೆಯಾಗುವುದಿಲ್ಲ. ಸಾಲ ಅವಳ ಹೆಸರಿನಲ್ಲೇ ಇರಲಿ, ರಸೀದಿ ಅವಳ ಹತ್ತಿರವೇ ಇರಲಿ.

ಸಂಬಳ ಬಂದ ಮೇಲೆ

ಎಲ್ಲ ಒಂದೇ ಖಾತೆಗೆ ಹಾಕಬೇಕಾ, ಬೇರೆ ಬೇರೆ ಇರಬೇಕಾ? ನನ್ನ ಮಟ್ಟಿಗೆ ಮೂರು ಖಾತೆ ಒಳ್ಳೆಯದು. ಇಬ್ಬರ ಸಂಬಳದ ಖಾತೆ ಹಾಗೇ ಇರಲಿ. ಮನೆ ಖರ್ಚಿಗೆ ಒಂದು ಜಂಟಿ ಖಾತೆ ತೆರೆಯಿರಿ. ಅರ್ಜಿಯಲ್ಲಿ 'ಐದರ್ ಆರ್ ಸರ್ವೈವರ್' ಅಂತ ಆರಿಸಿಕೊಂಡರೆ ಇಬ್ಬರಲ್ಲಿ ಯಾರು ಬೇಕಾದರೂ ದುಡ್ಡು ತೆಗೆಯಬಹುದು.

ಬೆಂಗಳೂರಿನಲ್ಲಿರುವ ಒಂದು ಜೋಡಿಯ ಲೆಕ್ಕ ಹಾಕೋಣ. ಗಂಡನಿಗೆ 42,000, ಹೆಂಡತಿಗೆ 34,000, ಒಟ್ಟು 76,000. ಬಾಡಿಗೆ, ದಿನಸಿ, ಹಾಲು, ಗ್ಯಾಸು, ಓಡಾಟ, ವಿಮೆ, ಉಳಿತಾಯ ಎಲ್ಲ ಸೇರಿ 48,000 ಬೇಕು ಅಂದುಕೊಳ್ಳಿ. ಅರ್ಧ ಅರ್ಧ ಹಾಕಿದರೆ ಇಬ್ಬರದ್ದೂ 24,000. ನೋಡಲು ಸಮ, ಆದರೆ ಹೆಂಡತಿಯ ಕೈಯಲ್ಲಿ 10,000 ಉಳಿದರೆ ಗಂಡನ ಕೈಯಲ್ಲಿ 18,000 ಉಳಿಯುತ್ತದೆ. ಸಂಬಳಕ್ಕೆ ತಕ್ಕಂತೆ ಹಂಚಿದರೆ ಗಂಡ 26,500, ಹೆಂಡತಿ 21,500 ಹಾಕಬೇಕು. ಆಗ ಉಳಿಯುವುದು 15,500 ಮತ್ತು 12,500. ಇದೇ ನ್ಯಾಯ. ಉಳಿದದ್ದರಲ್ಲಿ ತಮ್ಮ ತಮ್ಮ ಹಳೇ ಸಾಲ ಕಟ್ಟಿದ ಮೇಲೆ ಮಿಕ್ಕಿದ ದುಡ್ಡಿಗೆ ಯಾರೂ ಲೆಕ್ಕ ಕೇಳಬಾರದು. ಸೀರೆಯೋ, ಕ್ರಿಕೆಟ್ ಬ್ಯಾಟೋ, ಅವರವರ ಇಷ್ಟ.

ಒಬ್ಬರೇ ದುಡಿಯುವ ಮನೆಯಲ್ಲೂ ಈ ಸ್ವಂತದ ದುಡ್ಡು ಇಬ್ಬರಿಗೂ ಇರಲೇಬೇಕು. ತರಕಾರಿ ದುಡ್ಡಿನಲ್ಲಿ ಉಳಿಸಿ, ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುವ ಪರಿಸ್ಥಿತಿ ಯಾವ ಹೆಣ್ಣುಮಗಳಿಗೂ ಬರಬಾರದು.

ಮನೆ ಅಡ್ವಾನ್ಸನ್ನೂ ಆಸ್ತಿಯ ಲೆಕ್ಕಕ್ಕೆ ಸೇರಿಸಿ. 16,000 ಬಾಡಿಗೆಗೆ ಆರು ತಿಂಗಳ ಅಡ್ವಾನ್ಸ್ ಅಂದರೆ 96,000. ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಇದೆ. ಎಷ್ಟು ಹಿಡಿಯುತ್ತಾರೆ ಅನ್ನುವುದು ಕರಾರು ಪತ್ರದಲ್ಲೇ ಇರಲಿ, ಪತ್ರದಲ್ಲಿ ಇಬ್ಬರ ಹೆಸರೂ ಇರಲಿ.

ಎರಡೂ ಮನೆಗೆ

ಮಗ ತನ್ನ ಅಪ್ಪ-ಅಮ್ಮನಿಗೆ ದುಡ್ಡು ಕಳಿಸುವುದು ಸಹಜ ಅನ್ನಿಸುತ್ತದೆ. ಅದೇ ಮಗಳು ತವರಿಗೆ ಕಳಿಸಿದರೆ 'ಇನ್ನೂ ಅಲ್ಲಿಗೇ ಸುರಿಯುತ್ತಾಳೆ' ಅನ್ನುವವರಿದ್ದಾರೆ. ಈ ಮಾತು ನಿಲ್ಲಬೇಕು. ಅವಳ ಅಮ್ಮನಿಗೂ ಬಿಪಿ ಮಾತ್ರೆ ಬೇಕು, ಅವಳ ತಮ್ಮನಿಗೂ ಕಾಲೇಜು ಫೀಸು ಕಟ್ಟಬೇಕು. ಎರಡೂ ಮನೆಗೆ ತಿಂಗಳಿಗೆ ಎಷ್ಟು ಅಂತ ಮೊದಲೇ ನಿಗದಿ ಮಾಡಿ, ಮನೆ ಖರ್ಚಿನ ಲೆಕ್ಕದಲ್ಲೇ ಬರೆಯಿರಿ. ಎರಡೂ ಮೊತ್ತ ಒಂದೇ ಆಗಬೇಕಿಲ್ಲ, ಯಾರಿಗೆ ಎಷ್ಟು ಅಗತ್ಯವೋ ಅಷ್ಟು. ಗುಟ್ಟಾಗಿ ಕಳಿಸುವುದು ಮಾತ್ರ ಬೇಡ.

ಹಬ್ಬ, ಜಾತ್ರೆ, ಮುಯ್ಯಿ

ತಿಂಗಳ ಖರ್ಚು ಎಲ್ಲರಿಗೂ ಅಂದಾಜಿಗೆ ಸಿಗುತ್ತದೆ. ಲೆಕ್ಕ ತಪ್ಪಿಸುವುದು ವರ್ಷಕ್ಕೊಮ್ಮೆ ಬರುವ ಖರ್ಚು. ಅದರಲ್ಲೂ ಮೊದಲ ವರ್ಷ ಕೇಳಲೇಬೇಡಿ. ಆಷಾಢಕ್ಕೆ ತವರಿಗೆ ಹೋಗಬೇಕು, ಗೌರಿ ಹಬ್ಬಕ್ಕೆ ಬಾಗಿನ ಕೊಡಬೇಕು, ದೀಪಾವಳಿಗೆ ಹೊಸ ಅಳಿಯ-ಮಗಳ ಊರಿನ ಓಡಾಟ ಇರುತ್ತದೆ. ಊರ ಜಾತ್ರೆ, ಬೈಕಿನ ಇನ್ಶೂರೆನ್ಸು, ಮುಯ್ಯಿ ತಿರುಗಿಸುವುದು ಬೇರೆ. ಇವನ್ನೆಲ್ಲ ಒಂದು ಕಡೆ ಬರೆದು ಕೂಡಿಸಿ, 12ರಿಂದ ಭಾಗಿಸಿ. 48,000 ಬಂದರೆ ತಿಂಗಳಿಗೆ 4,000. ಅದಕ್ಕೆ ಬ್ಯಾಂಕಿನಲ್ಲಿ ಪ್ರತಿ ತಿಂಗಳು ಕಟ್ಟುವ ಒಂದು ವರ್ಷದ ಠೇವಣಿ, ಅಂದರೆ ಆರ್‌ಡಿ ಮಾಡಿ. ಮುಂದಿನ ವರ್ಷದ ಹಬ್ಬಕ್ಕೆ ಕಾರ್ಡು ಉಜ್ಜಬೇಕಾಗುವುದಿಲ್ಲ.

ಇದಲ್ಲದೆ ಮೂರರಿಂದ ಆರು ತಿಂಗಳ ಖರ್ಚಿನಷ್ಟು ದುಡ್ಡು ಕಷ್ಟಕಾಲಕ್ಕೆ ಎಫ್‌ಡಿಯಲ್ಲಿರಲಿ. ಬ್ಯಾಂಕು ಮುಳುಗಿದರೂ ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಬಡ್ಡಿಯೂ ಸೇರಿ 5 ಲಕ್ಷದವರೆಗೆ ವಿಮೆ ಇದೆ.

ಚೀಟಿ ಹಾಕಬಹುದಾ?

ಹಾಕಬಹುದು, ಆದರೆ ಅರ್ಥ ಮಾಡಿಕೊಂಡು ಹಾಕಿ. 20 ಜನ ತಿಂಗಳಿಗೆ 5,000 ಹಾಕುವ ಒಂದು ಲಕ್ಷದ ಚೀಟಿ ತಗೊಳ್ಳಿ. ಪ್ರತಿ ತಿಂಗಳು ಕೂಗುವಾಗ ಹೆಚ್ಚು ದುಡ್ಡು ಬಿಟ್ಟುಕೊಡಲು ಒಪ್ಪಿದವರಿಗೆ ಉಳಿದ ದುಡ್ಡು ಸಿಗುತ್ತದೆ. ಮೂರನೇ ತಿಂಗಳಲ್ಲಿ ಒಬ್ಬರು 25,000 ಬಿಟ್ಟು ಕೂಗಿ 75,000 ಎತ್ತಿದರು. ಬಿಟ್ಟ ದುಡ್ಡಿನಲ್ಲಿ ಚೀಟಿ ನಡೆಸುವವರ ಕಮಿಷನ್ 5,000 ಹೋದರೆ ಉಳಿದ 20,000 ಎಲ್ಲರಿಗೂ ಹಂಚಿ ತಲಾ 1,000 ಬರುತ್ತದೆ. ಎತ್ತಿದವರು ಇನ್ನೂ 17 ತಿಂಗಳು ಕಟ್ಟುತ್ತಲೇ ಇರಬೇಕು. ಅಂದರೆ ಬೇಗ ಎತ್ತಿದವರಿಗೆ ಅದು ಸಾಲ, ಕೊನೆವರೆಗೂ ಕಾದವರಿಗೆ ಉಳಿತಾಯ.

ಚೀಟಿ ನಡೆಸಲು 1982ರ ಚಿಟ್ ಫಂಡ್ ಕಾಯ್ದೆ ಇದೆ. ಕಮಿಷನ್ ನೂರಕ್ಕೆ 7 ಮೀರುವಂತಿಲ್ಲ. ಕರ್ನಾಟಕ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ನೋಂದಣಿ ಇಲ್ಲದ ಬೀದಿ ಚೀಟಿಗೆ, ನಡೆಸುವವರು ಎಷ್ಟೇ ಪರಿಚಯದವರಾದರೂ, ಕಷ್ಟಕಾಲದ ದುಡ್ಡು ಹಾಕಬೇಡಿ. ಅವರು ಮನೆಗೆ ಬೀಗ ಹಾಕಿಕೊಂಡು ಹೋದರೆ ತೋರಿಸಲು ನಿಮ್ಮ ಹತ್ತಿರ ಒಂದು ಕಾಗದವೂ ಇರುವುದಿಲ್ಲ.

ನಾಮಿನಿ ಮತ್ತು ವಿಮೆ

ಮದುವೆಗೆ ಮುಂಚೆ ಪಿಎಫ್‌ಗೆ ಕೊಟ್ಟ ನಾಮಿನಿ ಮದುವೆಯಾದ ಮೇಲೆ ನಡೆಯುವುದಿಲ್ಲ, ಹೊಸದಾಗಿ ಕೊಡಬೇಕು. ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒ ವೆಬ್‌ಸೈಟಿನಲ್ಲಿ ಮನೆಯಲ್ಲೇ ಕೂತು ಮಾಡಬಹುದು. ಬ್ಯಾಂಕ್ ಖಾತೆಗೆ 2025ರ ನವೆಂಬರ್‌ನಿಂದ ನಾಲ್ವರನ್ನು ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಅಂತಲೂ ಹೇಳಬಹುದು. ಅಮ್ಮನ ಹೆಸರು ತೆಗೆದು ಹೆಂಡತಿಯದ್ದು ಹಾಕಬೇಕಾ ಅನ್ನುವ ಸಂಕಟವೇ ಇಲ್ಲ, ಇಬ್ಬರದ್ದೂ ಇರಲಿ.

ಕಂಪನಿಯ ಆರೋಗ್ಯ ವಿಮೆಗೆ ಸಂಗಾತಿಯ ಹೆಸರು ಸೇರಿಸಲು ಮದುವೆಯಾದ ಮೇಲೆ ಕೆಲವೇ ದಿನಗಳ ಅವಕಾಶ ಇರುತ್ತದೆ, ಎಚ್‌ಆರ್ ಹತ್ತಿರ ಕೂಡಲೇ ವಿಚಾರಿಸಿ. ಕೆಲಸ ಬಿಟ್ಟರೆ ಆ ವಿಮೆಯೂ ಹೋಗುವುದರಿಂದ ಸ್ವಂತಕ್ಕೊಂದು ಫ್ಯಾಮಿಲಿ ಫ್ಲೋಟರ್ (ಇಡೀ ಮನೆಗೆ ಸೇರಿ ಒಂದೇ ಆರೋಗ್ಯ ವಿಮೆ) ಇರಲಿ. 2025ರ ಸೆಪ್ಟೆಂಬರ್ 22ರಿಂದ ಇದರ ಪ್ರೀಮಿಯಂಗೆ ಜಿಎಸ್‌ಟಿ ಇಲ್ಲ. ಹೆರಿಗೆ ಖರ್ಚು ಕೊಡುವ ಪಾಲಿಸಿಗಳಲ್ಲಿ ಕಾಯುವ ಅವಧಿ ಇರುತ್ತದೆ. ಬಸುರಿಯಾದ ಮೇಲೆ ಮಾಡಿಸಿದರೆ ಆ ಹೆರಿಗೆಗೆ ಸಿಗುವುದಿಲ್ಲ.

ಗಂಡ ಟರ್ಮ್ ಪಾಲಿಸಿ (ಅವಧಿಯೊಳಗೆ ತೀರಿಕೊಂಡರೆ ಮನೆಯವರಿಗೆ ದುಡ್ಡು ಕೊಡುವ ಜೀವ ವಿಮೆ) ಮಾಡಿಸುವುದಾದರೆ, 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಬಹುದು. ಆಗ ಆ ದುಡ್ಡು ಹೆಂಡತಿ-ಮಕ್ಕಳದ್ದು, ಗಂಡನ ಸಾಲಗಾರರು ಅದಕ್ಕೆ ಕೈಹಾಕುವಂತಿಲ್ಲ.

ಮಗು ಬರುವ ಮುಂಚೆ

ಹೆರಿಗೆ ರಜೆಯ ಕಾಯ್ದೆ ಅನ್ವಯಿಸುವ ಕಡೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಇದೆ. ಆಮೇಲೆ ಹೆಂಡತಿ ಕೆಲಸ ಬಿಡುವ ಯೋಚನೆ ಇದ್ದರೆ ಈಗಲೇ ಮೂರು ತಿಂಗಳು ಒಂದೇ ಸಂಬಳದಲ್ಲಿ ಸಂಸಾರ ಮಾಡಿ ನೋಡಿ. ಇನ್ನೊಂದು ಸಂಬಳ ಪೂರ್ತಿ ಎಫ್‌ಡಿಗೆ ಹೋಗಲಿ. ಎಲ್ಲೆಲ್ಲಿ ಬಿಗಿಯಾಗುತ್ತದೆ ಅನ್ನುವುದು ಆಗಲೇ ಗೊತ್ತಾಗುತ್ತದೆ. ಮಗುವಿಗಾಗಿ ಅವಳು ಮನೆಯಲ್ಲಿ ಉಳಿದರೆ ಅವಳ ಪಿಎಫ್ ಕಟ್ಟುವುದೂ ನಿಲ್ಲುತ್ತದೆ. ಆ ನಷ್ಟವನ್ನು ಅವಳೊಬ್ಬಳೇ ಯಾಕೆ ಹೊರಬೇಕು? ಅವಳ ಹೆಸರಿನಲ್ಲಿ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆ ತೆರೆದು, ಗಂಡನ ಸಂಬಳದಿಂದ ಪ್ರತಿ ತಿಂಗಳು ಅದಕ್ಕೆ ಹಾಕಿ. ವರ್ಷಕ್ಕೆ ಕನಿಷ್ಠ 500, ಹೆಚ್ಚೆಂದರೆ ಒಂದೂವರೆ ಲಕ್ಷ ಹಾಕಬಹುದು. 15 ವರ್ಷಕ್ಕೆ ಮಾಗುವ ಆ ದುಡ್ಡು ಅವಳದ್ದಾಗಿರುತ್ತದೆ.