ಯಾವುದಕ್ಕೆ ಯಾವ ಅಂಟು: ಮಲೆನಾಡಿನ ಮನೆಗೊಂದು ಕೈಪಿಡಿ

ಅಂಗಡಿಗೆ ಹೋಗಿ "ಒಂದು ಗಟ್ಟಿ ಅಂಟು ಕೊಡಿ" ಎಂದವರ ಕೈಗೆ ಸಾಮಾನ್ಯವಾಗಿ ಬರುವುದು ಫೆವಿಕ್ವಿಕ್ ಬಗೆಯ ಚಿಕ್ಕ ಟ್ಯೂಬು. ಅದು ಕೆಟ್ಟ ಅಂಟಲ್ಲ. ಆದರೆ ಕುರ್ಚಿಯ ಕಾಲಿಗೂ ಚಪ್ಪಲಿಯ ಅಟ್ಟೆಗೂ ಬಚ್ಚಲಿನ ಪೈಪಿಗೂ ಅದನ್ನೇ ಹಚ್ಚಿ, ವಾರದೊಳಗೆ ಬಿಟ್ಟುಕೊಂಡಿತೆಂದು ಬೈಯುವುದು ನ್ಯಾಯವಲ್ಲ. ಮುರಿದದ್ದು ಮರವೋ ಲೋಹವೋ ಎಂದು ನೋಡುವುದರ ಜೊತೆಗೆ, ಅಂಟಿಸಿದ ಮೇಲೆ ಅದಕ್ಕೆ ನೀರು ತಾಗುತ್ತದೆಯೇ, ಬಿಸಿ ತಾಗುತ್ತದೆಯೇ, ಅದು ಬಾಗುತ್ತದೆಯೇ ಎಂದು ಕೇಳಿಕೊಂಡರೆ ಆಯ್ಕೆ ಬಹುಮಟ್ಟಿಗೆ ಮುಗಿದಂತೆ.

ಮರಕ್ಕೆ ಫೆವಿಕಾಲಿನಂಥ ಬಿಳಿ ಅಂಟೇ ಸರಿ. ಅದರಲ್ಲಿರುವ ನೀರು ಮರಕ್ಕೆ ಇಂಗಿ, ಗಾಳಿಗೆ ಆರಿದ ಮೇಲಷ್ಟೇ ಬಿಗಿ ಬರುತ್ತದೆ. ಅರಸೀಕೆರೆಯ ಬೇಸಿಗೆಯಲ್ಲಿ ಒಂದು ದಿನಕ್ಕೆ ಆರುವ ಕೂಡು ಸಕಲೇಶಪುರ, ಮೂಡಿಗೆರೆಗಳ ಆಷಾಢದ ಮಳೆಯಲ್ಲಿ ಎರಡು ಮೂರು ದಿನ ಬೇಡಬಹುದು. ಇದನ್ನು ಲೆಕ್ಕಿಸದೆ ನಮ್ಮ ಮನೆಯ ಬೀಟೆ ಕುರ್ಚಿಯ ಮೇಲೆ ಮರುದಿನವೇ ಕುಳಿತು ನೆಲ ಕಂಡವನು ನಾನು. ಎರಡನೆಯ ಸಲ ಕೂಡಿನಲ್ಲಿದ್ದ ಹಳೆಯ ಅಂಟನ್ನು ಉಳಿಯಿಂದ ಪೂರ್ತಿ ಕೆರೆದೆ, ಏಕೆಂದರೆ ಒಣಗಿದ ಅಂಟಿನ ಮೇಲೆ ಹೊಸ ಅಂಟು ಕೂರುವುದಿಲ್ಲ. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಎರಡೂ ಕಡೆಗೆ ತೆಳುವಾಗಿ ಅಂಟು ಸವರಿ, ಕಾಲುಗಳ ಸುತ್ತ ಹಗ್ಗ ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿದಾಗ ಕೂಡಿನಂಚಿನಲ್ಲಿ ಬಿಳಿಯ ಮಣಿಗಳು ಮೂಡಿದವು. ಅಂಟು ಎಲ್ಲೆಡೆ ತಲುಪಿದೆ ಎಂಬುದಕ್ಕೆ ಅದೇ ಗುರುತು. ಅದನ್ನು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಬೇಕು. ಜಗುಲಿಯಾಚೆ ಇರಚಲಿಗೆ ಸಿಕ್ಕುವ ಬೆಂಚಿಗಾದರೆ ನೀರು ತಡೆಯುವ ಮರೈನ್ ಬಗೆಯನ್ನೇ ಕೇಳಿ ತರುವುದು ಒಳ್ಳೆಯದು.

ಫೆವಿಕ್ವಿಕ್ ಬಗೆಯ ಅಂಟಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದನ್ನು ಗಟ್ಟಿಮಾಡುವುದೇ ತೇವ. ಮಳೆಗಾಲದಲ್ಲಿ ಅದು ಇನ್ನೂ ಬೇಗ ಹಿಡಿಯುತ್ತದೆ, ಬಿಚ್ಚಿದ ಟ್ಯೂಬೂ ಅಷ್ಟೇ ಬೇಗ ಕಲ್ಲಾಗುತ್ತದೆ. ತುಂಡುಗಳು ಸಂದಿಲ್ಲದಂತೆ ಕೂಡುವ ಚಿಕ್ಕ ಪಿಂಗಾಣಿ ಬೊಂಬೆ, ಕನ್ನಡಕದ ಚೌಕಟ್ಟಿನಂಥವಕ್ಕೆ ಒಂದು ಹನಿ ಸಾಕು. ಹೆಚ್ಚು ಹಾಕಿದಷ್ಟೂ ಹಿಡಿತ ಕಡಿಮೆ. ಬಿಸಿ ಕಾಫಿಯ ಕಪ್ಪಿನ ಹಿಡಿಗೆ ಇದನ್ನು ನಂಬಬಾರದು. ಹತ್ತಿಗೆ ಅಥವಾ ಹತ್ತಿಬಟ್ಟೆಗೆ ಚೆಲ್ಲಿದರೆ ಕೈ ಸುಡುವಷ್ಟು ಬಿಸಿಯೇರುವುದರಿಂದ ಅದರಿಂದ ಒರೆಸಲೂ ಬಾರದು. ಬೆರಳುಗಳು ಅಂಟಿಕೊಂಡರೆ ಎಳೆಯದೆ, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲನೆ ಬಿಡಿಸಿಕೊಳ್ಳಬೇಕು.

ಲೋಹ, ಕಲ್ಲು, ಸಂದು ಉಳಿದ ಪಿಂಗಾಣಿ ಇವುಗಳಿಗೆ ಅರಾಲ್ಡೈಟಿನಂಥ ಎರಡು ಟ್ಯೂಬುಗಳ ಅಂಟು ಬೇಕು. ಎರಡನ್ನೂ ಸಮಪ್ರಮಾಣದಲ್ಲಿ ಹಿಂಡಿ ಚೆನ್ನಾಗಿ ಕಲೆಸಬೇಕು. ಬೇಗ ಆರಲೆಂದು ಒಂದನ್ನು ಹೆಚ್ಚು ಹಾಕಿದರೆ ಅದು ಕೊನೆಯವರೆಗೂ ಜಿಗುಟಾಗಿಯೇ ಉಳಿಯುತ್ತದೆ. ನಲ್ಲಿಯ ಬುಡದ ಸಣ್ಣ ಸೋರಿಕೆಗೆ ಎಂ-ಸೀಲ್ ತಂದರೆ, ನೀರು ನಿಲ್ಲಿಸಿ, ಜಾಗ ಒಣಗಿಸಿ, ಎರಡು ಉಂಡೆಗಳ ಬಣ್ಣ ಒಂದೇ ಆಗುವವರೆಗೆ ನಾದಿ ಮೆತ್ತಬೇಕು.

ಚಪ್ಪಲಿ, ರೆಕ್ಸಿನ್ನುಗಳಂತೆ ಬಾಗುವ ವಸ್ತುಗಳಿಗೆ ರಬ್ಬರಿನ ಅಂಟು. ಇದನ್ನು ಎರಡೂ ಮೈಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ, ಅಂದರೆ ಸುಮಾರು 10-15 ನಿಮಿಷ ಬಿಟ್ಟು, ಒಮ್ಮೆಗೇ ಒತ್ತಬೇಕು. ಅದರ ಆವಿ ಬೆಂಕಿ ಹಿಡಿಯುವುದರಿಂದ ಈ ಕೆಲಸ ಒಲೆಯ ಬಳಿ ಬೇಡ. ಸಿಂಕಿನ ಅಂಚಿಗೆ ಸಿಲಿಕೋನ್, ಪಿವಿಸಿ ಪೈಪಿಗೆ ಪೈಪಿನ ಮೈಯನ್ನೇ ಕರಗಿಸಿ ಬೆಸೆಯುವ ಸಾಲ್ವೆಂಟ್ ಸಿಮೆಂಟ್. ಕುಕ್ಕರಿನ ಹಿಡಿ ಮುರಿದರೆ ಯಾವ ಅಂಟೂ ಬೇಡ, ಹೊಸ ಹಿಡಿ ಹಾಕಿಸಿ.

ಪ್ಲಾಸ್ಟಿಕ್ ಬಕೆಟ್ಟಿನ ವಿಷಯದಲ್ಲಿ ಮಾತ್ರ ನನಗೆ ಸೋಲೇ ಆಗಿದೆ. ಅದರ ನುಣುಪು ಮೈಗೆ ಮೇಲೆ ಹೇಳಿದ ಯಾವ ಅಂಟೂ ಬಾಳಿಕೆ ಬರುವಂತೆ ಹಿಡಿಯುವುದಿಲ್ಲ. ಬಿರುಕು ಬಿಟ್ಟ ಬಕೆಟ್ಟುಗಳಲ್ಲಿ ಈಗ ಹಿತ್ತಲಿನ ಸೇವಂತಿಗೆ ಬೆಳೆಯುತ್ತಿದೆ.